ಕುದುರೆಮುಖದ ಹುಲ್ಲುಗುಡ್ಡೆ ಬರಡಲ್ಲ

ಗುಡ್ಡೆಯ ನೆತ್ತಿಯಲ್ಲಿ ಬರೇ ಹುಲ್ಲಿದ್ದರೆ 'ಬರಡು ಜಾಗ, ಏನಾದರೂ ನೆಡಬಹುದಿತ್ತು' ಅನ್ನುವವರೇ ಹೆಚ್ಚು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕತೆ ಈ ಮಾತಿಗೆ ಉತ್ತರ.

ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಶಿಖರ ಕುದುರೆಯ ಮುಖದ ಹಾಗೆ ಕಾಣುವುದರಿಂದ ಈ ಹೆಸರು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿಯ ಗಂಗಾಮೂಲದ ಆಸುಪಾಸಿನಲ್ಲಿ. ತುಂಗೆ, ಭದ್ರೆ ಘಟ್ಟದ ಮೇಲೆ ಹರಿದರೆ ನೇತ್ರಾವತಿ ನಮ್ಮ ಜಿಲ್ಲೆಗೆ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ.

ಮಳೆಗಾಲ ಕಳೆದು ತಿಂಗಳುಗಳಾದರೂ ಅಲ್ಲಿ ನೀರು ಹೇಗೆ ಉಳಿಯುತ್ತದೆ? ಗುಡ್ಡೆಯ ಏರಿನಲ್ಲಿ ಗಾಳಿ ಜೋರು, ಮಣ್ಣು ತೆಳು. ಅಲ್ಲಿ ಹುಲ್ಲೇ ಸರಿ. ಅದರ ಬೇರು ಬಲೆಯ ಹಾಗೆ ಮಣ್ಣನ್ನು ಹಿಡಿದು, ಮಳೆಯ ಪೆಟ್ಟು ತಡೆಯುತ್ತದೆ. ಎರಡು ಏರುಗಳ ನಡುವಿನ ತಗ್ಗಿನಲ್ಲಿ ಮಣ್ಣು ದಪ್ಪ. ಅಲ್ಲಿ ಗಿಡ್ಡ ಮರಗಳ ಒತ್ತಾದ ಶೋಲ ಕಾಡು ಉಂಟು. ಅದರ ತರಗೆಲೆಯಡಿ ನೀರು ಇಂಗಿ, ನಿಧಾನವಾಗಿ ಒರತೆಯಾಗಿ ಹೊರಡುತ್ತದೆ. ಹುಲ್ಲು, ಶೋಲ ಎರಡೂ ಸೇರಿದರೇ ಕೆಲಸ ಪೂರ್ತಿ. ಕೆಳಗಿನ ದೊಡ್ಡ ಕಾಡಿನಲ್ಲಿ ಸಿಂಗಳೀಕಗಳಿವೆ. ಅವು ಮರದಿಂದ ಮರಕ್ಕೇ ಹೋಗುವವು, ಕಾಡು ತುಂಡಾದರೆ ಬದುಕು ಕಷ್ಟ.

1913ರಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಇಲ್ಲಿ ಕಬ್ಬಿಣದ ಅದಿರು ಗುರುತಿಸಿದ್ದರು. 1976ರಲ್ಲಿ ಸರಕಾರದ ಕುದುರೆಮುಖ ಅದಿರು ಕಂಪೆನಿ ಶುರುವಾಯಿತು. ಅದಿರನ್ನು ನೀರಿನಲ್ಲಿ ಕದಡಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಸಾವಿರಾರು ಮಂದಿಗೆ ಅನ್ನ ಸಿಕ್ಕಿದ್ದೂ ನಿಜ. ಆದರೆ ಅಗೆದ ಗುಡ್ಡೆಯ ಮಣ್ಣು ಮಳೆಗೆ ಕೊಚ್ಚಿ ಭದ್ರೆಗೆ ಇಳಿಯಿತು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು.

ಇನ್ನೊಂದು ಸಂಗತಿ ನೋಡಿ. ಹುಲ್ಲಿನ ಏರಿನಲ್ಲಿ ಅಕೇಶಿಯಾದಂಥ ಹೊರಗಿನ ಗಿಡಗಳನ್ನೂ ನೆಟ್ಟರು. ನೋಡಲು ಹಸಿರು. ಆದರೆ ಹುಲ್ಲುಗಾವಲು ಹೋದ ಜಾಗಕ್ಕೆ ಮರ ಬಂದರೆ ಅದು ಪರಿಹಾರವಲ್ಲ, ಇನ್ನೊಂದು ನಷ್ಟ.

ಈಶ್ವರಮಂಗಲದ ತೋಡಿಗೆ ಕುದುರೆಮುಖದ ನೀರು ಬರುವುದಿಲ್ಲ, ಒಪ್ಪಿದೆ. ಮಳೆ ನಂಬಿ ಗೇರು, ಹುರುಳಿ ಮಾಡುವ ನನ್ನಂಥವನಿಗೆ ಅಲ್ಲಿಯ ಪಾಠ ಮಾತ್ರ ಬೇಕೇ ಬೇಕು. ನಮ್ಮ ಗುಡ್ಡೆಯ ನೆತ್ತಿಯೂ ಅದೇ ಕೆಲಸ ಮಾಡುವುದು, ಸಣ್ಣ ಲೆಕ್ಕದಲ್ಲಿ. ಜೆಸಿಬಿ ಹತ್ತಿಸುವ ಮೊದಲು, ನಿಮ್ಮ ತೋಡಿನ ಒರತೆ ಎಲ್ಲಿ ಹುಟ್ಟುತ್ತದೆ, ಅದರ ಮೇಲೆ ಏನು ಬೆಳೆದಿದೆ ಎಂದು ಒಮ್ಮೆ ಹತ್ತಿ ನೋಡಿ ಬನ್ನಿ.