ತಾಳಿ ಕಟ್ಟಿದರೆ ಗ್ರೀನ್ ಕಾರ್ಡ್ ಸಿಗುತ್ತಾ?

ನಮ್ಮ ಸಿನಿಮಾಗಳ ಹಳೇ ಪದ್ಧತಿ ನಿಮಗೆ ಗೊತ್ತೇ ಇದೆ. ನಾಯಕ ತಾಳಿ ಕಟ್ಟಿದ, ಅಕ್ಷತೆ ಬಿತ್ತು, ನಾದಸ್ವರ ಮೊಳಗಿತು... ತೆರೆಯ ಮೇಲೆ ‘ಶುಭಂ’! ನಾವು ಕಾಲಲ್ಲೇ ಚಪ್ಪಲಿ ಹುಡುಕಿಕೊಂಡು ಎದ್ದೆವು. ಆದರೆ ನಾಯಕಿ ಅಮೆರಿಕದ ಪ್ರಜೆ, ನಾಯಕ ತಿಪಟೂರಿನ ಹುಡುಗ ಆಗಿದ್ದರೆ? ಅಲ್ಲಿ ತಾಳಿ ಕಟ್ಟಿದ ಮೇಲೇ ಟೈಟಲ್ ಕಾರ್ಡ್ ಶುರುವಾಗೋದು!

ಈ ಮಾತು ಯಾಕೆ ಬಂತು ಅಂದರೆ, ಗಾಂಧಿನಗರದ ಟೀ ಅಂಗಡಿಗಳಲ್ಲಿ ನಾನು ದಿನಾ ಕೇಳೋ ಡೈಲಾಗ್ ಒಂದಿದೆ. “ಗುರೂ, ಒಬ್ಬಳು ಎನ್.ಆರ್.ಐ. ಹುಡುಗಿ ಸಿಕ್ಕಿಬಿಟ್ರೆ ಸಾಕು, ಗ್ರೀನ್ ಕಾರ್ಡ್ ಗ್ಯಾರಂಟಿ!” ಹೌದಾ? ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಬಂದ ಈ ನಿಮ್ಮ ಬರಹಗಾರ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಅಮೆರಿಕ ಸರ್ಕಾರದ ಫಾರಂಗಳನ್ನು ಓದಿದ. ಸಂಬಂಧಪಟ್ಟ ಸಿನಿಮಾಗಳನ್ನೂ ಹುಡುಕಿ ನೋಡಿದ. ಕೊನೆಗೆ ಅರ್ಥವಾದದ್ದು ಇಷ್ಟು: ನಾವೆಲ್ಲ ಕಾರ್ಡ್ ಪಡೆಯುವವನ ಬಗ್ಗೆ ಮಾತಾಡುತ್ತೇವೆ. ಸಹಿ ಹಾಕುವವಳ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ!

ಹಾಲಿವುಡ್ಡಿಗೆ ಈ ಕಥೆ ಹಳೆಯದು

1941ರಲ್ಲಿ ಪ್ಯಾರಮೌಂಟ್ ಸಂಸ್ಥೆಯಿಂದ ‘ಹೋಲ್ಡ್ ಬ್ಯಾಕ್ ದ ಡಾನ್’ ಎಂಬ ಚಿತ್ರ ಬಂತು. ಚಾರ್ಲ್ಸ್ ಬೋಯರ್ ಇದರ ನಾಯಕ. ರುಮೇನಿಯಾದ ಈ ಶೋಕಿಲಾಲ ಮೆಕ್ಸಿಕೋದ ಗಡಿ ಊರಲ್ಲಿ ಸಿಕ್ಕಿಕೊಂಡಿರುತ್ತಾನೆ. ಅಮೆರಿಕಕ್ಕೆ ಹೋಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ‘ಅಮೆರಿಕದವಳನ್ನು ಮದುವೆಯಾಗು, ಒಳಗೆ ಹೋಗು, ಆಮೇಲೆ ಕೈಬಿಡು’ ಅನ್ನುವ ಉಪಾಯ ಹಳೇ ಗೆಳತಿಯಿಂದ ಸಿಗುತ್ತದೆ. ಬಲೆಗೆ ಬೀಳುವವಳು ಒಬ್ಬ ಮುಗ್ಧ ಶಾಲಾ ಟೀಚರ್, ಒಲಿವಿಯಾ ಡಿ ಹ್ಯಾವಿಲ್ಯಾಂಡ್! ಕೊನೆಗೆ ನಾಟಕ ಆಡಿದವನಿಗೇ ನಿಜವಾದ ಪ್ರೀತಿ ಹುಟ್ಟುತ್ತದೆ.

ಇದರ ಚಿತ್ರಕಥೆ ಬರೆದ ಇಬ್ಬರಲ್ಲಿ ಒಬ್ಬ ಬಿಲ್ಲಿ ವೈಲ್ಡರ್. ಆ ಪುಣ್ಯಾತ್ಮನೂ 1934ರಲ್ಲಿ ವೀಸಾ ಮುಗಿದು ಮೆಕ್ಸಿಕೋದ ಮೆಕ್ಸಿಕಾಲಿ ಊರಿಗೆ ಹೋಗಿ ಅಮೆರಿಕದ ಕಾನ್ಸಲ್ ಎದುರು ನಿಂತವನೇ. ಸಾಕಷ್ಟು ಕಾಗದಪತ್ರ ಇಲ್ಲದಿದ್ದರೂ ಆ ಅಧಿಕಾರಿ ಮುದ್ರೆ ಒತ್ತಿ ಕಳಿಸಿದ ಕಥೆಯನ್ನು 1988ರ ಆಸ್ಕರ್ ವೇದಿಕೆಯಲ್ಲಿ ವೈಲ್ಡರ್ ನೆನೆಸಿಕೊಂಡ. ಅನುಭವಿಸಿದವನು ಬರೆದರೆ ಕಥೆಯ ತೂಕವೇ ಬೇರೆ!

1949ರ ‘ಐ ವಾಸ್ ಎ ಮೇಲ್ ವಾರ್ ಬ್ರೈಡ್’ ನೋಡಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಅಮೆರಿಕದ ಯೋಧರು ಪರದೇಶದಲ್ಲಿ ಕೈಹಿಡಿದ ಹೆಂಡತಿಯರನ್ನು ಕರೆತರಲು 1945ರ ಡಿಸೆಂಬರಿನಲ್ಲಿ ಒಂದು ಕಾನೂನು ಬಂತು. ಚಿತ್ರದಲ್ಲಿ ಸೈನ್ಯದಲ್ಲಿರುವವಳು ಹೆಂಡತಿ, ಆನ್ ಶೆರಿಡನ್. ಪರದೇಶಿ ಗಂಡ ಕ್ಯಾರಿ ಗ್ರಾಂಟ್. ಫಾರಂ ಎಲ್ಲಾ ‘ವಧು’ವಿಗೆ, ಮಲಗುವ ಕೋಣೆ ‘ವಧು’ವಿಗೆ. ಪಾಪ, ಗಂಡಸಿಗೆ ಜಾಗವೇ ಇಲ್ಲ! ಕೊನೆಗೆ ನಮ್ಮ ಸುಂದರಾಂಗ ವಿಗ್ ಹಾಕಿಕೊಂಡು ಹೆಣ್ಣುವೇಷದಲ್ಲಿ ಹಡಗು ಹತ್ತಬೇಕಾಗುತ್ತದೆ. ಅಂದ ಹಾಗೆ, ಕ್ಯಾರಿ ಗ್ರಾಂಟ್ ಸ್ವತಃ ಇಂಗ್ಲೆಂಡಿನ ಬ್ರಿಸ್ಟಲ್ಲಿನವನು. ಅಮೆರಿಕದ ಪ್ರಜೆಯಾದದ್ದು 1942ರಲ್ಲಿ.

ಇನ್ನು ಹೆಸರಿನಲ್ಲೇ ಎಲ್ಲಾ ಹೇಳಿಬಿಡುವ ಚಿತ್ರ, ಪೀಟರ್ ವೀರ್ ನಿರ್ದೇಶನದ ‘ಗ್ರೀನ್ ಕಾರ್ಡ್’, 1990ರದ್ದು. ಫ್ರಾನ್ಸಿನ ಜೆರಾರ್ಡ್ ದೆಪಾರ್ದ್ಯು, ಅಮೆರಿಕದ ಆಂಡಿ ಮ್ಯಾಕ್‌ಡೊವೆಲ್. ಇವನಿಗೆ ಕಾರ್ಡ್ ಬೇಕು. ಅವಳಿಗೆ ಮದುವೆಯಾದವರಿಗೆ ಮಾತ್ರ ಸಿಗುವ, ಹಸಿರು ಗಿಡಗಳ ಮನೆ ಬೇಕು. ಲೆಕ್ಕಾಚಾರದ ಮದುವೆ! ಅಧಿಕಾರಿಗಳು ಬಾಗಿಲು ತಟ್ಟಿದಾಗ ಇಬ್ಬರೂ ಪರೀಕ್ಷೆಗೆ ಓದುವ ಹುಡುಗರ ಹಾಗೆ ಒಬ್ಬರನ್ನೊಬ್ಬರು ಬಾಯಿಪಾಠ ಮಾಡುತ್ತಾರೆ. ಸುಳ್ಳು ಪ್ರವಾಸದ ಫೋಟೋ ತೆಗೆಯುತ್ತಾರೆ. ಕೊನೆಗೆ ನಾಯಕ ಎಡವಿದ್ದು ಎಲ್ಲಿ ಗೊತ್ತೇ? ಹೆಂಡತಿ ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಲ್ಲಿ! ಸುಳ್ಳು ಸಂಬಂಧ ನಿಜವಾಗುವ ಹೊತ್ತಿಗೆ ಅವನಿಗೆ ಗಡೀಪಾರು.

ಇದು ತೆರೆಯ ಮೇಲಿನ ಮಾತಾಯಿತು. ಈಗ ಫಾರಂ ಕಡೆ ಬನ್ನಿ.

ಅರ್ಜಿ ಹಾಕುವವರು ಯಾರು?

ಮೊದಲ ತಪ್ಪು ತಿಳುವಳಿಕೆ ಇಲ್ಲೇ. ಮದುವೆಯಾದ ತಕ್ಷಣ ಗಂಡ ಹೋಗಿ ಅರ್ಜಿ ಕೊಡುವ ಹಾಗಿಲ್ಲ. ಅಮೆರಿಕದ ಪ್ರಜೆಯಾದ ಹೆಂಡತಿಯೇ ‘ಇವನು ನನ್ನ ಗಂಡ’ ಅಂತ ಐ-130 ಎಂಬ ಅರ್ಜಿ ಹಾಕಬೇಕು. ಇದನ್ನೇ ಜನ ಸ್ಪಾನ್ಸರ್ ಮಾಡೋದು ಅನ್ನೋದು. ಪ್ರಜೆಯ ಗಂಡನಿಗಾಗಲಿ ಹೆಂಡತಿಗಾಗಲಿ ‘ವರ್ಷಕ್ಕೆ ಇಷ್ಟೇ ಜನ’ ಎಂಬ ಮಿತಿ ಇಲ್ಲ. ಆದರೆ ಸ್ಪಾನ್ಸರ್ ಬರೀ ಗ್ರೀನ್ ಕಾರ್ಡ್ ಇಟ್ಟುಕೊಂಡವರಾಗಿದ್ದರೆ ಮಿತಿ ಇದೆ, ಸರದಿ ಇದೆ. ‘ಹುಡುಗನಿಗೆ ಗ್ರೀನ್ ಕಾರ್ಡ್ ಇದೆ, ಮುಂದಿನ ತಿಂಗಳೇ ಮಗಳನ್ನ ಕರೆಸ್ಕೋತಾನೆ’ ಅನ್ನುವ ಬ್ರೋಕರ್ ಮಾತು ನಂಬುವ ಅಪ್ಪಂದಿರು ಇದನ್ನು ಕೇಳಿಸಿಕೊಳ್ಳಬೇಕು.

ತಿಪಟೂರಿನ ನನ್ನ ಗೆಳೆಯನೊಬ್ಬ ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಹೆಂಡತಿ ಅಲ್ಲೇ ಹುಟ್ಟಿದ ಕನ್ನಡದ ಹುಡುಗಿ. ಮದುವೆ ಇಲ್ಲಿ ಆಯಿತು. ಹದಿನೈದು ದಿನಕ್ಕೆ ಅವಳು ವಿಮಾನ ಹತ್ತಿದಳು, ಇವನು ತೋಟಕ್ಕೆ ವಾಪಸ್ ಬಂದ. ಒಂದೂವರೆ ವರ್ಷ ಫೋನಿನಲ್ಲೇ ಸಂಸಾರ! ಊರಿನವರು ಬಿಡುತ್ತಾರಾ? ‘ಏನಪ್ಪಾ, ಹೆಂಡ್ತಿ ಬಿಟ್ಟೋದ್ಲಂತೆ?’ ಅಂತ ಬಸ್ ಸ್ಟ್ಯಾಂಡಿನಲ್ಲೇ ಕೇಳಿದರಂತೆ.

ಮುಂಬೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ. ‘ಗ್ರೀನ್ ಕಾರ್ಡ್’ ಸಿನಿಮಾ ನಾನೇ ತೋರಿಸಿದ್ದೆ. ಕ್ರೀಮಿನ ಹೆಸರು, ಸೋಪಿನ ಹೆಸರು, ಎಲ್ಲಾ ಉರುಹೊಡೆದು ಹೋಗಿದ್ದ. ಆದರೆ ಅಧಿಕಾರಿ ಕೇಳಿದ್ದು: ಎಲ್ಲಿ ಪರಿಚಯ? ಮದುವೆಗೆ ಯಾರ್‍ಯಾರು ಬಂದಿದ್ರು? ಹೆಂಡತಿ ಏನು ಕೆಲಸ ಮಾಡ್ತಾಳೆ? “ಕ್ರೀಮ್ ಕೇಳ್ಲೇ ಇಲ್ಲ ಕಣೋ!” ಅಂತ ಫೋನಿನಲ್ಲಿ ನಕ್ಕ. ಅಧಿಕಾರಿಗಳಿಗೆ ಬೇಕಾದದ್ದು ಬಾಯಿಪಾಠ ಅಲ್ಲ, ಸಂಸಾರದ ಗುರುತು. ಫೋಟೋ, ಪತ್ರ, ಓಡಾಡಿದ ಟಿಕೆಟ್, ಒಟ್ಟಿಗೆ ಇದ್ದವರಾದರೆ ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು. ಅನುಮಾನ ಬಂದರೆ ಮಾತ್ರ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುವುದೂ ಉಂಟು.

ಕೈ ನಡುಗಿದ್ದು ಎಲ್ಲಿ?

ಗೆಳೆಯನ ಹೆಂಡತಿಯನ್ನು ನಾನು ಅತ್ತಿಗೆ ಅಂತಲೇ ಕರೆಯುವುದು. “ಅತ್ತಿಗೆ, ಇಡೀ ಕಥೇಲಿ ಕಷ್ಟ ಆಗಿದ್ದು ಯಾವುದು?” ಅಂತ ಕೇಳಿದೆ. “ತಾಳಿ ಕಟ್ಟಿಸ್ಕೊಳ್ಳೋವಾಗ ಕೈ ನಡುಗ್ಲಿಲ್ಲ. ಆ ದುಡ್ಡಿನ ಫಾರಂಗೆ ಸೈನ್ ಹಾಕೋವಾಗ ನಡುಗ್ತು” ಅಂದರು.

ಆ ಫಾರಂ ಹೆಸರು ಐ-864. ‘ನನ್ನ ಗಂಡ ಸರ್ಕಾರಕ್ಕೆ ಹೊರೆಯಾಗುವುದಿಲ್ಲ, ಅವನನ್ನು ಸಾಕುವ ಜವಾಬ್ದಾರಿ ನನ್ನದು’ ಎಂದು ಸ್ಪಾನ್ಸರ್ ಬರೆದುಕೊಡುವ ಕರಾರು. ಅವರ ವರಮಾನ ಬಡತನದ ರೇಖೆಯ 125 ಪರ್ಸೆಂಟ್ ಇರಬೇಕು. 2025ರ ಲೆಕ್ಕದಲ್ಲಿ, ಅಲಾಸ್ಕಾ ಮತ್ತು ಹವಾಯಿ ಬಿಟ್ಟು, ಇಬ್ಬರ ಸಂಸಾರಕ್ಕೆ ವರ್ಷಕ್ಕೆ 26,437 ಡಾಲರ್. ಅತ್ತಿಗೆ ಆಗ ಓದುತ್ತಾ ಅರ್ಧ ದಿನದ ಕೆಲಸದಲ್ಲಿದ್ದರು, ಸಂಬಳ ಸಾಲಲಿಲ್ಲ. ಹೀಗಾದರೆ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡಿನವರೋ ಇನ್ನೊಬ್ಬರು ಜೊತೆ ಸಹಿ ಹಾಕಬಹುದು. ಸೋದರಮಾವನನ್ನು ಕೇಳಿದರು. ಮದುವೆಗೆ ಬಂದು ಮುಯ್ಯಿ ಹಾಕಿ ಹರಸಿದ ಮಾವ ಈ ಕಾಗದ ನೋಡಿ ಒಂದು ತಿಂಗಳು ಯೋಚಿಸಿದರಂತೆ!

ಯೋಚಿಸದೆ ಏನು ಮಾಡ್ತಾರೆ ಸ್ವಾಮಿ? ಈ ಕರಾರು ಯಾವಾಗ ಮುಗಿಯುತ್ತದೆ ಗೊತ್ತೇ? ಬಂದವನು ಅಮೆರಿಕದ ಪ್ರಜೆಯಾದರೆ ಮುಗಿಯಿತು. ಇಲ್ಲವೇ ಅವನ ಲೆಕ್ಕಕ್ಕೆ ಕೆಲಸದ 40 ತ್ರೈಮಾಸಿಕಗಳು, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಜಮೆಯಾಗಬೇಕು. ಇಲ್ಲವೇ ಅವನು ದೇಶ ಬಿಟ್ಟು ಹೋಗಬೇಕು, ಅಥವಾ ಸಾಯಬೇಕು. ಡೈವೋರ್ಸ್ ಆದರೆ? ಮುಗಿಯುವುದಿಲ್ಲ! ಮದುವೆ ಮುರಿದರೂ ಸಹಿ ಮುರಿಯುವುದಿಲ್ಲ. ಬಿಟ್ಟುಹೋದ ಗಂಡನೇ ಕೋರ್ಟಿಗೆ ಹೋಗಿ ‘ಇವಳು ನನ್ನನ್ನು ಸಾಕಬೇಕು’ ಅಂತ ಕೇಳಬಹುದು. ಟೀ ಅಂಗಡಿಯ ಗೆಳೆಯರೇ, ‘ಕಾರ್ಡ್ ಬಂದಮೇಲೆ ಕೈ ಕೊಟ್ರಾಯ್ತು’ ಅಂತ ನಗುವಾಗ ಈ ಸಾಲನ್ನು ಜ್ಞಾಪಕ ಇಟ್ಟುಕೊಳ್ಳಿ.

ನಟ ಅಧ್ಯಕ್ಷನ ಸಹಿ

ಇನ್ನೊಂದು ತಿರುವು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಸಿಕ್ಕರೆ ಅದು ಷರತ್ತಿನ ಕಾರ್ಡ್, ಆಯಸ್ಸು ಎರಡೇ ವರ್ಷ. ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ‘ನಾವಿನ್ನೂ ಜೊತೆಗಿದ್ದೇವೆ’ ಅಂತ ಐ-751 ಅರ್ಜಿ ಹಾಕಬೇಕು. ಈ ಕಾನೂನಿಗೆ 1986ರ ನವೆಂಬರ್ 10ರಂದು ಸಹಿ ಹಾಕಿದವರು ಯಾರು? ‘ಕಿಂಗ್ಸ್ ರೋ’ ಚಿತ್ರದ ನಟ, ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್! ನಟನೆಯ ಮದುವೆಗಳನ್ನು ಹಿಡಿಯುವ ಕಾನೂನಿಗೆ ನಟನದೇ ಸಹಿ.

ಆದರೆ ಈ ಜಂಟಿ ಸಹಿಯೇ ಕೆಲವರ ಕೈಯಲ್ಲಿ ಚಾಟಿಯಾಯಿತು. ‘ಸುಮ್ಮನಿರು, ಇಲ್ಲಾಂದ್ರೆ ಸೈನ್ ಹಾಕಲ್ಲ, ಊರಿಗೆ ಕಳಿಸ್ತೀನಿ’ ಅನ್ನುವ ಗಂಡಂದಿರಿದ್ದಾರೆ. ನಮ್ಮ ಕಡೆಯಿಂದ ಮದುವೆಯಾಗಿ ಹೋಗುವ ಅಕ್ಕತಂಗಿಯರಿಗೆ ಈ ಮಾತು ತಲುಪಲಿ: ಹೊಡೆತ ಬಡಿತ ಇದ್ದರೆ, ನಿಜವಾಗಿ ಆದ ಮದುವೆ ಮುರಿದುಬಿದ್ದಿದ್ದರೆ, ಗಂಡನ ಸಹಿ ಇಲ್ಲದೆ ಒಬ್ಬಳೇ ಐ-751 ಹಾಕಲು ದಾರಿ ಇದೆ. ಗಂಡ ಮೊದಲ ಅರ್ಜಿಯನ್ನೇ ಹಾಕದೆ ಹಿಂಸೆ ಕೊಡುತ್ತಿದ್ದರೆ, 1994ರ ಕಾನೂನಿನ ಪ್ರಕಾರ ತಾನೇ ಅರ್ಜಿ ಹಾಕಬಹುದು. ಇದೇ ದಾರಿ ಗಂಡಸಿಗೂ ಉಂಟು.

ಸುಳ್ಳು ಮದುವೆಗೆ ಶಿಕ್ಷೆ? 2009ರ ‘ದ ಪ್ರಪೋಸಲ್’ ಚಿತ್ರದಲ್ಲಿ ಸಾಂಡ್ರಾ ಬುಲಕ್ ತನ್ನ ಅಸಿಸ್ಟೆಂಟ್ ರಯಾನ್ ರೆನಾಲ್ಡ್ಸ್‌ನನ್ನು ಹೆದರಿಸಿ ಮದುವೆಗೆ ಒಪ್ಪಿಸುತ್ತಾಳೆ. ಕಥೆಯಲ್ಲಿ ಅವಳು ಕೆನಡಾದವಳು, ಅವನು ಅಮೆರಿಕದವನು. ನಿಜ ಜೀವನದಲ್ಲಿ ತಿರುಗುಮುರುಗು! ಕೆನಡಾದಲ್ಲಿ ಹುಟ್ಟಿದವನು ರೆನಾಲ್ಡ್ಸ್, ಅಮೆರಿಕದವಳು ಬುಲಕ್. ಅಲ್ಲಿ ನಗಿಸಲು ಹೇಳಿದ ಶಿಕ್ಷೆ ಮಾತ್ರ ನಿಜ: ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಜೊತೆಗೆ, ಸುಳ್ಳು ಮದುವೆ ಮಾಡಿಕೊಂಡವನೆಂದು ಸಾಬೀತಾದರೆ ಮುಂದೆ ನಿಜವಾಗಿ ಪ್ರೀತಿಸಿ ಮದುವೆಯಾದರೂ ಆ ಹೆಂಡತಿಯ ಅರ್ಜಿ ಪಾಸಾಗುವುದಿಲ್ಲ.

ಹಚ್ಚೆ ಹಾಕಿಸಿಕೊಂಡ ಅಭಿಮಾನಿಗಳೇ...

ಎಲ್ಲಾ ನಿಜವಾಗಿದ್ದರೂ ಬಾಗಿಲು ಮುಚ್ಚಬಹುದು. ಲಾಸ್ ಏಂಜಲೀಸ್‌ನ ಒಬ್ಬ ಮಹಿಳಾ ವಕೀಲೆ 2010ರಲ್ಲಿ ಎಲ್ ಸಾಲ್ವಡಾರ್ ದೇಶದವನನ್ನು ಮದುವೆಯಾದರು, ಸ್ಪಾನ್ಸರ್ ಮಾಡಿದರು. ವೀಸಾ ಸಂದರ್ಶನದಲ್ಲಿ ಅವನ ಮೈಮೇಲಿನ ಹಚ್ಚೆಗಳೂ ಲೆಕ್ಕಕ್ಕೆ ಬಂದವು. ಅವನು ರೌಡಿ ಗ್ಯಾಂಗಿನವನೆಂಬ ಗುಮಾನಿಯ ಮೇಲೆ ವೀಸಾ ನಿರಾಕರಣೆ! ತನಗೂ ಯಾವ ಗ್ಯಾಂಗಿಗೂ ಸಂಬಂಧವಿಲ್ಲ ಎಂದು ಅವನು ಹೇಳುತ್ತಲೇ ಬಂದ. ಹೆಂಡತಿ ಸುಪ್ರೀಂ ಕೋರ್ಟ್‌ವರೆಗೂ ಹೋದರು. ‘ಮುನ್ಯೋಸ್ ಮೊಕದ್ದಮೆ’ ಎಂದೇ ಹೆಸರಾದ ಇದರಲ್ಲಿ 2024ರ ಜೂನ್ 21ರಂದು ತೀರ್ಪು ಬಂತು: ಪರದೇಶದ ಗಂಡನನ್ನು ದೇಶದೊಳಕ್ಕೆ ಕರೆತರುವುದು ಪ್ರಜೆಗೆ ಸಂವಿಧಾನ ಕೊಟ್ಟ ಹಕ್ಕಲ್ಲ. ಮದುವೆಗೆ ಅವರ ಮಾನ್ಯತೆ ಉಂಟು, ಜೊತೆಗೆ ಬಾಳಲು ಅವರ ಅನುಮತಿ ಬೇಕು!

ನಮ್ಮಲ್ಲೇನು ಕಮ್ಮಿ?

ಇಲ್ಲಿ ಕೂತು ಅಮೆರಿಕವನ್ನು ಬೈದರೆ ಸಾಲದು. ಬೆಂಗಳೂರಿಗೂ ಪರದೇಶದ ಅಳಿಯಂದಿರಿದ್ದಾರೆ, ಸೊಸೆಯರಿದ್ದಾರೆ. ಭಾರತದ ಬೆಳ್ಳಿತೆರೆಯ ಮಹಾರಾಣಿ ದೇವಿಕಾರಾಣಿ 1945ರಲ್ಲಿ ರಷ್ಯಾದ ಚಿತ್ರಕಾರ ಸ್ವೆತಾಸ್ಲಾವ್ ರೋರಿಕ್‌ರ ಕೈಹಿಡಿದು, ಕೊನೆಗೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದ್ದು ನಿಮಗೆ ಗೊತ್ತು. ಇಂದು ಅಂಥ ಜೋಡಿ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕಾದರೆ ಮೊದಲು 30 ದಿನದ ನೋಟಿಸ್. ಮದುವೆ ಮೂಲಕ ಸಿಗುವ ಗ್ರೀನ್ ಕಾರ್ಡ್ ನಮ್ಮಲ್ಲಿಲ್ಲ. ಅದರ ಬದಲು ಓ.ಸಿ.ಐ. ಕಾರ್ಡ್. ಮದುವೆ ನೋಂದಣಿಯಾಗಿ ಎರಡು ವರ್ಷ ಜೊತೆಗೆ ಬಾಳಿದ ಮೇಲೆ ಅರ್ಜಿ. ಅದು ಬಂದರೂ ಓಟಿಲ್ಲ, ಹೊಲ ಗದ್ದೆ ಕೊಳ್ಳುವ ಹಾಗಿಲ್ಲ. ಭಾರತದ ಪ್ರಜೆಯಾಗಲು ಅರ್ಜಿ ಹಾಕುವ ಮುಂಚೆ ಏಳು ವರ್ಷ ಇಲ್ಲಿ ವಾಸ ಮಾಡಿರಬೇಕು. ಎಲ್ಲಾ ಸರ್ಕಾರಗಳೂ ಪ್ರೀತಿಯ ಮುಂದೆ ಒಂದು ಕೌಂಟರ್ ಇಟ್ಟೇ ಇಟ್ಟಿವೆ.

ಹಾಗಾದರೆ ತಾಳಿ ಕಟ್ಟಿದರೆ ಗ್ರೀನ್ ಕಾರ್ಡ್ ಸಿಗುತ್ತಾ? ಸಿಗಬಹುದು. ನನ್ನ ಗೆಳೆಯನಿಗೆ ಸಿಕ್ಕಿತು. ಷರತ್ತೂ ಕಳೆಯಿತು. ಕಾರ್ಡ್ ಬಂದ ಮೂರು ವರ್ಷಕ್ಕೆ, ಹೆಂಡತಿಯ ಜೊತೆಗೇ ಬಾಳುತ್ತಿದ್ದರೆ, ಅಮೆರಿಕದ ಪ್ರಜೆಯಾಗಲು ಅರ್ಜಿ ಹಾಕಬಹುದು. ಉಳಿದವರಿಗಾದರೆ ಐದು ವರ್ಷ. ಅವನು ಈಗ ದಿನ ಎಣಿಸುತ್ತಿದ್ದಾನೆ. “ಅಲ್ಲಿನ ಪಾಸ್‌ಪೋರ್ಟಿಗೆ ಅಷ್ಟು ಅವಸರಾನಾ?” ಅಂತ ಛೇಡಿಸಿದೆ. “ಪಾಸ್‌ಪೋರ್ಟ್ ಹಾಳಾಗ್ಲಿ ಕಣೋ. ನಾನು ಪ್ರಜೆಯಾದ ದಿನ ಆ ಫಾರಂ ಸತ್ತೋಗುತ್ತೆ. ಅವಳ ತಲೆ ಮೇಲಿನ ಸಾಲ, ಅವಳ ಮಾವನ ತಲೆ ಮೇಲಿನ ಸಾಲ, ಎರಡೂ ಇಳಿಯುತ್ತೆ” ಅಂದ.

ಎನ್.ಆರ್.ಐ. ಹುಡುಗಿಯ ಕನಸು ಕಾಣುವ ತಮ್ಮಂದಿರೇ, ಕಾಣಿ, ಬೇಡ ಅನ್ನೋಲ್ಲ. ಆದರೆ ಆ ಸಾಲ ಇಳಿಸುವ ಗಂಡಸು ನೀವಾಗಿದ್ದರೆ ಮಾತ್ರ ಅವಳ ಕೈಗೆ ಪೆನ್ನು ಕೊಡಿ!