ಮಕ್ಕಳಿಗೆ ಓದಿನ ರುಚಿ

ಐದನೆಯ ತರಗತಿಯ ಎಷ್ಟೋ ಮಕ್ಕಳು ಪಾಠವನ್ನು ತಡೆಯಿಲ್ಲದೆ ಓದುವರು; ಅರ್ಥವನ್ನು ಕೇಳಿದರೆ ಮೌನ. ಅದು ಬರಿಯ ಅಕ್ಷರೋಚ್ಚಾರಣೆಯೇ ಹೊರತು ಓದಲ್ಲ. ಈ ವಯಸ್ಸಿನಲ್ಲಿ ಓದಿನ ರುಚಿ ಹತ್ತದಿದ್ದರೆ ಮುಂದೆ ಚರಿತ್ರೆ, ವಿಜ್ಞಾನಗಳೂ ಹೊರೆಯಾಗುವುವು.

ಗೃಹಸ್ಥರು ಮಾಡಬೇಕಾದುದು ಸ್ವಲ್ಪವೇ. ರಾತ್ರಿ ಊಟವಾದ ಮೇಲೆ 15 ನಿಮಿಷ, ಪಂಜೆ ಮಂಗೇಶರಾಯರ (1874–1937) ‘ಕೋಟಿ ಚೆನ್ನಯ’ದಂತಹ ಕಥೆಯನ್ನು ತಾವೇ ಗಟ್ಟಿಯಾಗಿ ಓದಬೇಕು. ಕುತೂಹಲವೇರಿದೆಡೆಯಲ್ಲಿ ನಿಲ್ಲಿಸಿ ಪುಸ್ತಕವನ್ನು ಮಗುವಿನ ಕೈಗೆ ಕೊಡಬೇಕು. ನಡುನಡುವೆ ತಪ್ಪು ಹಿಡಿದು ಗದರಿಸಬಾರದು. ‘ಸೂರ್ಯೋದಯ’ವೆಂಬಲ್ಲಿ ತಡವರಿಸಿದರೆ ‘ಸೂರ್ಯ, ಉದಯ’ ಎಂದು ಬಿಡಿಸಿ ತೋರಿಸಿದರೆ ಸಾಕು. ‘ಚಂದ್ರೋದಯ’ವನ್ನು ಮಗುವು ತಾನೇ ಬಿಡಿಸಿಕೊಳ್ಳುವುದು.

ಕೊನೆಯಲ್ಲಿ ಪರೀಕ್ಷೆ ಬೇಡ, ‘ಮುಂದೇನಾದೀತು?’ ಎಂದಷ್ಟೇ ಕೇಳಿರಿ. ಅದಕ್ಕೆ ಮಗುವು ಉತ್ಸಾಹದಿಂದ ತನ್ನ ಊಹೆಯನ್ನು ಹೇಳಿದ ದಿನ, ಅದು ನಿಜವಾಗಿ ಓದಲು ಕಲಿಯಿತೆಂದು ತಿಳಿಯಿರಿ.