ಲೇಸರ್ ಟ್ಯಾಗ್: ಹೊಸಬರಿಗೆ ತಾತನ ನಾಲ್ಕು ಮಾತು

ಲೇಸರ್ ಟ್ಯಾಗ್ ಆಡಲು ಹೊರಟಿದ್ದೀರಾ ಮಕ್ಕಳೇ? ಹಾಗಾದರೆ ಬಿಳಿ ಅಂಗಿ ಬಿಟ್ಟು ಕಪ್ಪೋ ಕಡುನೀಲಿಯೋ ತೊಟ್ಟುಕೊಳ್ಳಿ. ಆ ಕತ್ತಲೆ ಕೋಣೆಗಳಲ್ಲಿ ಸಾಮಾನ್ಯವಾಗಿ ಉರಿಯುವುದು ನೇರಳಾತೀತ ದೀಪ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪಿಗೆಂದು ಬೆರೆಸುವ ರಾಸಾಯನಿಕ ಆ ಬೆಳಕಿಗೆ ಫಳಫಳ ಹೊಳೆಯುತ್ತದೆ. ಬಿಳಿ ಅಂಗಿಯವರನ್ನು ಹುಡುಕುವ ಕಷ್ಟವೇ ಇಲ್ಲ!

ನಮ್ಮ ಬಿಳಿಚೋಡಿನಲ್ಲಿ ಈ ಆಟ ಇಲ್ಲ. ಬೆಂಗಳೂರಿನ ಮಾಲ್ ಒಂದರಲ್ಲಿ ಮೊಮ್ಮಗಳ ಗೆಳತಿಯ ಹುಟ್ಟುಹಬ್ಬ. ಒಬ್ಬರು ಕಡಿಮೆ ಬಿದ್ದರೆಂದು "ನೀವೂ ಬನ್ನಿ ತಾತ" ಎಂದು ನನಗೂ ಜಾಕೆಟ್ ತೊಡಿಸಿದರು. ಎಪ್ಪತ್ತು ದಾಟಿದವನು ಓಡಲಾರೆ. ಗೋಡೆಗೆ ಬೆನ್ನು ಕೊಟ್ಟು, ಮೂಲೆಯಿಂದ ಮೂಲೆಗೆ ನಿಧಾನವಾಗಿ ಸರಿದೆ. ಹತ್ತು ಜನರಲ್ಲಿ ಮೂರನೆಯವನಾದೆ. ಉದ್ದಕ್ಕೂ ಓಡಾಡಿದ ಮೊಮ್ಮಗಳು ಕೊನೆಯವಳು. "ಇನ್ನು ಯಾರ ಹುಟ್ಟುಹಬ್ಬಕ್ಕೂ ಬರಲ್ಲ" ಎಂದು ಅಳತೊಡಗಿದಳು.

ಆಟದ ಕೊನೆಗೆ ಅಂಕಪಟ್ಟಿ ಕೊಟ್ಟರೆ ಬಿಸಾಡಬೇಡಿ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಅದು ಪಾಸ್‌ಬುಕ್ಕಿನಂತೆಯೇ ಕಂಡಿತು. ಹೊಡೆದದ್ದು ಜಮಾ, ಹೊಡೆಸಿಕೊಂಡದ್ದು ಖರ್ಚು. ಅವಳ ಜಮಾ ಏನೂ ಕಡಿಮೆ ಇರಲಿಲ್ಲ. ಖರ್ಚು ವಿಪರೀತ, ಅದರಲ್ಲೂ ಬೆನ್ನಿಗೆ ಬಿದ್ದದ್ದೇ ಹೆಚ್ಚು. ಅಂದರೆ ಗುರಿ ಸರಿಯಿತ್ತು, ನಿಂತ ಜಾಗ ಸರಿಯಿರಲಿಲ್ಲ.

ಅಡ್ಡಗೋಡೆಯ ಮೇಲಿಂದ ತಲೆ ಎತ್ತದೆ ಪಕ್ಕದಿಂದ ಇಣುಕಿ. ಎದೆಯನ್ನು ಓರೆ ಮಾಡಿ ನಿಂತರೆ ಎದುರಿನವರಿಗೆ ಗುರಿ ಕಿರಿದಾಗುತ್ತದೆ. ಹೊಡೆದ ಮೇಲೆ ಅಲ್ಲೇ ನಿಲ್ಲಬೇಡಿ, ನಾಲ್ಕು ಹೆಜ್ಜೆ ಸರಿಯಿರಿ. ನಿಮಗೆ ಏಟು ಬಿದ್ದರೆ ಬಂದೂಕು ಕೆಲವು ಸೆಕೆಂಡು ಮಲಗುತ್ತದೆ; ಗೊಣಗುತ್ತ ನಿಲ್ಲದೆ ಆ ಹೊತ್ತಿನಲ್ಲೇ ಜಾಗ ಬದಲಿಸಿ. ಎಲ್ಲಕ್ಕಿಂತ ಮುಖ್ಯ, ಜೋಡಿಯಾಗಿರಿ. ಹುಲಿ-ಕುರಿ ಆಟ ನೆನಪಿದೆಯೇ? ಕುರಿಯ ಹಿಂದಿನ ಮನೆ ಖಾಲಿ ಇದ್ದರಷ್ಟೇ ಹುಲಿ ಹಾರುತ್ತದೆ. ಒಬ್ಬರು ಮುಂದೆ ನೋಡಿದರೆ ಇನ್ನೊಬ್ಬರು ಹಿಂದೆ ನೋಡಲಿ. ಎರಡನೇ ಆಟದಲ್ಲಿ ಹೀಗೇ ಮಾಡಿ ಅವಳು ಆರನೆಯವಳಾದಳು.

ಅಜ್ಜ ಅಜ್ಜಿಯರು ಒಳಗೆ ಹೋದರೆ ಕಣ್ಣು ಕತ್ತಲೆಗೆ ಹೊಂದುವ ತನಕ ನಿಂತಿರಿ. ಮೂರ್ಛೆ ರೋಗ ಇರುವವರಿಗೆ ಮಿಣಮಿಣ ಮಿಂಚುವ ದೀಪ ಒಳ್ಳೆಯದಲ್ಲ.

ಇನ್ನೊಂದು ಮಾತು. 1984ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಜಾರ್ಜ್ ಕಾರ್ಟರ್ ಎಂಬುವರು 'ಫೋಟಾನ್' ಎಂಬ ಹೆಸರಿನಲ್ಲಿ ಇಂಥ ಆಟದ ಕೇಂದ್ರ ತೆರೆದರು. ಹೆಸರು ಲೇಸರ್ ಎಂದಿದ್ದರೂ ಹೆಚ್ಚಿನ ಕಡೆ ಅಂಕ ತರುವುದು ಟಿವಿ ರಿಮೋಟಿನಲ್ಲಿ ಇರುವಂಥ ಅವಕೆಂಪು ಕಿರಣ. ಜಾಕೆಟ್ಟಿನಲ್ಲಿರುವ ಸೆನ್ಸರ್ ಅದನ್ನು ಹಿಡಿಯುತ್ತದೆ. ಜಾತ್ರೆಯಲ್ಲಿ ಮಾರುವ ಲೇಸರ್ ಪೆನ್ನೇ ಬೇರೆ. ಅದು ನಿಜವಾದ ಲೇಸರ್. ಕಣ್ಣಿಗೆ ಬಿದ್ದರೆ ಒಳಗಿನ ಅಕ್ಷಿಪಟಲ ಸುಡಬಹುದು. ಅಲ್ಲಿ ನೋವು ತಿಳಿಯುವುದಿಲ್ಲವಾದ್ದರಿಂದ ಮಗು ಅಳುವುದೂ ಇಲ್ಲ, ನಮಗೆ ಗೊತ್ತಾಗುವುದೂ ಇಲ್ಲ. ಮನೆಯಲ್ಲಿ ಅಭ್ಯಾಸಕ್ಕೆಂದು ಮಕ್ಕಳ ಬ್ಯಾಗಿಗೆ ಅದು ಸೇರಿದ್ದರೆ ಈಗಲೇ ತೆಗೆದಿಡಿ.

ಅಭ್ಯಾಸಕ್ಕೆ ಸಾದಾ ಬ್ಯಾಟರಿ ಸಾಕು. ರಜೆಗೆ ಮೊಮ್ಮಕ್ಕಳು ಊರಿಗೆ ಬಂದಾಗ, ರಾತ್ರಿ ಕರೆಂಟ್ ಹೋದರೆ ನಮ್ಮ ಹಿತ್ತಿಲಲ್ಲಿ ಇದೇ ಆಟ. ಬೆಳಕು ಎದೆಗೋ ಬೆನ್ನಿಗೋ ಬಿದ್ದರೆ ಒಂದು ಅಂಕ. ಮುಖಕ್ಕೆ ಬಿಟ್ಟವರು ಒಂದಾಟ ಹೊರಗೆ, ನನ್ನ ಪಕ್ಕ ಜಗಲಿಯ ಮೇಲೆ.